ಚಂದ್ರು ಕಟ್ಟಿದ ಕಾರು ಹದಿನೈದು ಸುತ್ತು ಬಂತು

ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿ ಇಟ್ಟುಕೊಂಡು ಬರೆಯಲು ನನ್ನಿಂದ ಆಗುವುದಿಲ್ಲ. ನನ್ನ ಮಗ ಚಂದ್ರು ತನ್ನ ಕೈಯಾರೆ ಕಟ್ಟಿದ ರೇಸ್ ಕಾರು ಮಲೇಷ್ಯಾ ದೇಶದ ಜೋಹೋರಿನಲ್ಲಿ ಹದಿನೈದು ಸುತ್ತನ್ನೂ ನಿಲ್ಲದೆ ಓಡಿ ಮುಗಿಸಿತು. ಓಡಿಸಿದವಳು ನನ್ನ ಮೊಮ್ಮಗಳು ಸವಿತಾ. ಇಪ್ಪತ್ತೊಂದು ವರ್ಷದ ಹುಡುಗಿ. ಎಲ್ಲರಿಗಿಂತ ಹಿಂದೆ ನಿಂತು ಹೊರಟವಳು ಒಂಬತ್ತನೆಯವಳಾಗಿ ಬಂದಳು. ಮೈಮೇಲೆ ಒಂದು ಗೀರಿಲ್ಲ. ನಾನು ತಂತಿ ಬೇಲಿ ಹಿಡಿದು ನಿಂತು ಕಣ್ಣಾರೆ ನೋಡಿದೆ. ಬೇಲಿ ಹಿಡಿದ ಗುರುತು ಅಂಗೈಯಲ್ಲಿ ಎರಡು ದಿನ ಇತ್ತು.

ಚಂದ್ರು ನೋಡಲಿಲ್ಲ. ಅವನು ಹೋಗಿ ನಾಲ್ಕು ವರ್ಷವಾಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಸಿಕ್ಕವರೆಲ್ಲ ವಿಮಾನ ಹೇಗಿತ್ತು, ಅಲ್ಲಿ ಚಿನ್ನ ಅಗ್ಗವಂತೆ, ಏನು ತಂದೆ ಎಂದೇ ಕೇಳುತ್ತಾರೆ. ಕಾರಿನ ವಿಷಯ ಯಾರೂ ಕೇಳುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಬೆಟ್ಟದಪುರ

ನಮ್ಮ ಹೊಲ ಬೆಟ್ಟದಪುರದ ಬೆಟ್ಟದ ಕೆಳಗೆ. ಹೊಗೆಸೊಪ್ಪು ಬೆಳೆಯುವವರು ನಾವು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಎತ್ತರದ ಮಣ್ಣಿನ ಕೋಣೆಯೊಳಗೆ ತೂಗುಹಾಕಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡುತ್ತೇವೆ. ಆ ಕೋಣೆಗೆ ಬ್ಯಾರನ್ ಎನ್ನುತ್ತೇವೆ. ನನ್ನ ಐವತ್ತು ವರ್ಷ ಅದರ ಮುಂದೆಯೇ ಹೋಯಿತು.

ಚಂದ್ರು ನನ್ನ ಒಬ್ಬನೇ ಮಗ. ಅವನಿಗೆ ಸೊಪ್ಪು ಹಿಡಿಸಲಿಲ್ಲ, ಕಬ್ಬಿಣ ಹಿಡಿಸಿತು. ಹುಣಸೂರಿನ ಗ್ಯಾರೇಜಿನಲ್ಲಿ ಕೆಲಸ ಕಲಿತ. ಎಚ್.ಡಿ. ಕೋಟೆಯ ಶಾರದಳನ್ನು ಮದುವೆಯಾದ. ಸವಿತಾಗೆ ಹತ್ತು ವರ್ಷವಾದಾಗ ಮೂವರೂ ಮಲೇಷ್ಯಾಕ್ಕೆ ಹೋದರು. ಅಲ್ಲಿ ಒಂದು ಶೆಡ್ಡಿನಲ್ಲಿ ಹಳೆಯ ಕಾರುಗಳನ್ನು ಬಿಚ್ಚಿ, ಎಂಜಿನ್ನಿಗೆ ಹೊಸ ಬಲ ಕೊಟ್ಟು, ರೇಸಿಗೆ ಸಿದ್ಧ ಮಾಡುವ ಕೆಲಸ. ಆರು ವರ್ಷ ಮಾಡಿದ. ಏಳನೇ ವರ್ಷ ಜ್ವರ ಬಂತು. ಒಂಬತ್ತು ದಿನ. ಬೆಂಕಿ ಕೊಡುವುದನ್ನೂ ಬೂದಿ ಬಿಡುವುದನ್ನೂ ಅಲ್ಲಿಯೇ ಮುಗಿಸಿದರು. ನನಗೆ ಸಿಕ್ಕಿದ್ದು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಶಾರದಳ ಅಳು ಮಾತ್ರ. ಬೂತಿನ ಹೊರಗೆ ನಾಲ್ಕು ಜನ ತಮ್ಮ ಸರದಿಗೆ ಕಾಯುತ್ತಿದ್ದರು.

ಈ ವರ್ಷ ಸವಿತಾ ಅದೇ ಬೂತಿಗೆ ಫೋನು ಮಾಡಿ ನನ್ನನ್ನು ಕರೆಸಿದಳು.

"ತಾತ, ಅಪ್ಪನ ಕಾರ ನಾನು ಓಡುಸ್ತೀನಿ ಕಣ. ಒಂದೇ ಸಲ. ನೀನು ಬರ್ಬೇಕು."

ಅವಳು ಹೇಳಿದ್ದನ್ನು ಬಿಡಿಸಿ ಹೇಳುತ್ತೇನೆ. ಚಂದ್ರು ಕೊನೆಯದಾಗಿ ಒಂದು ಕಾರನ್ನು ತನ್ನ ಮನಸ್ಸಿಗೆ ಬಂದಂತೆ ಕಟ್ಟಿದ್ದ. ಶೆಡ್ಡಿನ ಯಜಮಾನ, ಅಲ್ಲಿ ತೌಕೆ ಎನ್ನುತ್ತಾರೆ, ಎಂಜಿನ್ ನೋಡಿ ಇದು ಒಂದು ರೇಸು ಪೂರ್ತಿ ತಡೆಯುವುದಿಲ್ಲ, ನಡುವೆ ಬೆಂದು ನಿಲ್ಲುತ್ತದೆ ಎಂದನಂತೆ. ಚಂದ್ರು ತಡೆಯುತ್ತದೆ ಎಂದನಂತೆ. ಯಾರದು ಸರಿ ಎಂದು ತಿಳಿಯುವ ಮೊದಲೇ ಜ್ವರ ಬಂತು. ಕಾರು ನಾಲ್ಕು ವರ್ಷ ಟಾರ್ಪಾಲಿನ ಕೆಳಗೆ ಕುಳಿತಿತ್ತು. ಈಗ ತೌಕೆಗೆ ವಯಸ್ಸಾಗಿ ಶೆಡ್ಡು ಮುಚ್ಚುತ್ತಿದ್ದಾನೆ. ಸಿಂಗಪುರದ ಹಲ್ಲಿನ ಡಾಕ್ಟರೊಬ್ಬ ಕಾರು ತೆಗೆದುಕೊಳ್ಳುತ್ತಾನೆ. ಒಂದು ರೇಸು ಓಡಿ ಮುಗಿಸಿದರೆ ಚಂದ್ರು ಕಟ್ಟಿದ ಹಾಗೆಯೇ ಇಡಿಯಾಗಿ ಒಯ್ಯುತ್ತಾನೆ. ನಡುವೆ ನಿಂತರೆ ಆ ಎಂಜಿನ್ ಬಿಚ್ಚಿ ಗುಜರಿಗೆ ಹಾಕಿ, ಬೇರೆಯದು ಕೂರಿಸಿಕೊಳ್ಳುತ್ತಾನೆ.

ಬ್ಯಾರನ್ ಉರಿಯುತ್ತಿರುವ ಕಾಲ. ಬಿಟ್ಟು ಹೋಗುವ ಮಾತೇ ಅಲ್ಲ. ಆದರೂ ತಮ್ಮನ ಮಗ ಮಾದೇವನನ್ನು ಕರೆದು ಎಲ್ಲ ಒಪ್ಪಿಸಿದೆ. ಪಕ್ಕದ ಹೊಲದ ಕಾಳೇಗೌಡ ಎಲೆಅಡಿಕೆ ಉಗುಳಿ ಕೇಳಿದ.

"ಎಣ್ಣೈಕ್ಳು ಕಾರ್ ಓಡ್ಸೋದ ನೋಡಕ್ಕೆ ಇಮಾನ ಅತ್ತೀಯೇನ್ಲಾ? ಇಲ್ಲೇ ಉಣಸೂರು ರೋಡಲ್ಲಿ ನಿಂತ್ಕಂಡ್ರೆ ಕಾಣಾಕಿಲ್ವಾ?"

ಅದೇ ಮನುಷ್ಯ ನಾನು ಹೊರಡುವ ದಿನ ಬೆಟ್ಟ ಹತ್ತಿ ದೇವರ ವಿಭೂತಿ ತಂದು ಕೊಟ್ಟ.

ವಿಮಾನ ಇಳಿದ ಮೇಲೆ

ವಿಮಾನದಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ. ಇಳಿದ ಮೇಲೆ ಗಾಜಿನ ಗೂಡಿನಲ್ಲಿ ಕುಳಿತ ಅಧಿಕಾರಿಣಿ ಏನೋ ಕೇಳಿದಳು. ಸವಿತಾ ಟಪಾಲಿನಲ್ಲಿ ಕಳಿಸಿದ್ದ ಚೀಟಿಯನ್ನು ಕೊಟ್ಟೆ. ಓದಿದಳು, ಪಕ್ಕದ ಗೂಡಿನವನನ್ನು ಕರೆದು ತೋರಿಸಿದಳು. ಏನೋ ತಪ್ಪಾಯಿತು, ಇಲ್ಲಿಂದಲೇ ವಾಪಸು ಕಳಿಸುತ್ತಾರೆ ಎಂದುಕೊಂಡೆ. ಅವಳು ಮುದ್ರೆ ಒತ್ತಿ, ಎದ್ದು ನಿಂತು, ಎರಡೂ ಕೈ ಸ್ಟೇರಿಂಗ್ ತಿರುಗಿಸುವ ಹಾಗೆ ಮಾಡಿ ನಕ್ಕಳು. ಮೊಮ್ಮಗಳ ಕಾರ್ ರೇಸ್ ನೋಡಲು ಬಂದಿರುವ ತಾತ, ದಯವಿಟ್ಟು ಬಸ್ಸು ತೋರಿಸಿ ಎಂದು ಅದರಲ್ಲಿ ಬರೆದಿತ್ತಂತೆ.

ಜೋಹೋರಿಗೆ ಅರ್ಧ ದಿನದ ಬಸ್ಸು. ದಾರಿಯುದ್ದಕ್ಕೂ ಎಣ್ಣೆ ತಾಳೆಯ ತೋಟ. ಅಷ್ಟು ಹಸಿರಿನಲ್ಲಿ ಒಬ್ಬನೇ ಒಬ್ಬ ಮನುಷ್ಯ ಬಗ್ಗಿ ನಿಂತಿರಲಿಲ್ಲ. ನಮ್ಮಲ್ಲಿ ಹೊಲವೆಂದರೆ ಅಲ್ಲಿ ಯಾರಾದರೂ ಒಬ್ಬರು ಬೈಯುತ್ತಿರುತ್ತಾರೆ.

ಬಸ್ಸು ನಿಂತಲ್ಲಿ ಶಾರದ, ಸವಿತಾ ಇಬ್ಬರೂ ಬಂದಿದ್ದರು. ಸೊಸೆಯ ತಲೆ ಅರ್ಧ ಬೆಳ್ಳಗಾಗಿತ್ತು. ಊರು ಬಿಟ್ಟು ಹೋಗುವಾಗ ಕಪ್ಪು ಜಡೆಯಲ್ಲಿ ಕನಕಾಂಬರ ಮುಡಿದಿದ್ದಳು. ಕಾಲಿಗೆ ನಮಸ್ಕಾರ ಮಾಡಿದಳು, ಚೆನ್ನಾಗಿದ್ದೀರಾ ಎಂದಳು, ಚೀಲ ತೆಗೆದುಕೊಂಡು ಮುಂದೆ ನಡೆದಳು. ಸವಿತಾ ನನ್ನ ಕೈ ಬಿಡಲಿಲ್ಲ. ಅವಳ ಮಾತು ಕೇಳಿ ನನಗೆ ಆಶ್ಚರ್ಯ. ನಮ್ಮೂರ ಹುಡುಗಿಯರೇ ಈಗ ಹಾಗೆ ಮಾತಾಡುವುದಿಲ್ಲ. ಬಾಳೆಹಣ್ಣಿಗೆ, ಸೌಟಿಗೆ, ಚಳಿಗೆ ನನ್ನ ಹೆಂಡತಿ ಬಳಸುತ್ತಿದ್ದ ಮಾತುಗಳೇ ಅವಳ ಬಾಯಲ್ಲಿ ಹಾಗೇ ಇದ್ದವು. ಹನ್ನೊಂದು ವರ್ಷದ ಹಿಂದಿನ ನಮ್ಮ ಮನೆ ಅಲ್ಲಿ ನಡೆದಾಡುತ್ತಿತ್ತು.

ಜೋಹೋರ್

ಅಲ್ಲಿಯ ಜನ ಎದುರು ಸಿಕ್ಕರೆ ಎಲ್ಲಿಗೆ ಹೊರಟೆ, ಯಾವ ಊರು ಎನ್ನುವುದಿಲ್ಲ. ಊಟವಾಯಿತಾ ಎನ್ನುತ್ತಾರೆ. ಮಲಯರೂ ಅದೇ, ಚೀನಾದವರೂ ಅದೇ. ಆ ಒಂದು ವಿಷಯದಲ್ಲಿ ನನಗೆ ಪರದೇಶ ಅನ್ನಿಸಲಿಲ್ಲ. ಆದರೆ ಆಗಿಲ್ಲ ಎಂದರೆ ನಿಜವಾಗಿಯೂ ಊಟಕ್ಕೆ ಕೂರಿಸಿಬಿಡುತ್ತಾರೆ. ಮೊದಲ ದಿನವೇ ಇದು ಗೊತ್ತಿಲ್ಲದೆ ಆಗಿಲ್ಲ ಎಂದು ತಲೆಯಾಡಿಸಿ ಎರಡು ಕಡೆ ಉಂಡೆ.

ಮನೆ ಶೆಡ್ಡಿನ ಮೇಲೆಯೇ, ಎರಡು ಕೋಣೆ. ಶಾರದ ಕೆಳಗೆ ಕಾರುಗಳ ಸೀಟು ಹೊಲಿಯುತ್ತಾಳೆ. ಗೋಡೆಯ ಮೇಲೆ ಚಂದ್ರುವಿನ ಫೋಟೋ ಇತ್ತು. ನಾನು ಅದಕ್ಕೆ ಬೆನ್ನು ಕೊಟ್ಟು ಕೂರುವ ಜಾಗ ಹುಡುಕಿದೆ. ಶಾರದ ನೋಡಿದಳು.

ಮರುದಿನ ಬೂದಿ ಬಿಟ್ಟ ಜಾಗ ತೋರಿಸು ಎಂದೆ. ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಸಮುದ್ರದ ಒಂದು ಸಣ್ಣ ತುಂಡು. ಜನ ಗಾಳ ಹಾಕಿಕೊಂಡು ಕುಳಿತಿದ್ದರು, ಒಬ್ಬಳು ಬಾಳೆಕಾಯಿ ಕರಿದು ಮಾರುತ್ತಿದ್ದಳು. ಶಾರದ ಬೆರಳು ತೋರಿಸಿ, ಆ ಕಂಬದ ಹತ್ತಿರ ಮಾವಯ್ಯ, ಎಂದಳು. ಕಂಬ ನೋಡಿದೆ. ನೀರು ನೋಡಿದೆ. ಅಳು ಬರಲಿಲ್ಲ. ಇಷ್ಟು ದೂರ ಬಂದು ಅಳು ಬರದಿದ್ದರೆ ನಾನು ಎಂಥ ತಂದೆ ಎಂದು ನಿಂತೇ ಇದ್ದೆ. ಗಾಳ ಹಾಕುತ್ತಿದ್ದ ಮುದುಕನೊಬ್ಬ ತಾನು ಕುಳಿತಿದ್ದ ಪ್ಲಾಸ್ಟಿಕ್ ಸ್ಟೂಲನ್ನು ತಂದು ನನ್ನ ಹಿಂದೆ ಇಟ್ಟು, ತಾನು ನೆಲದ ಮೇಲೆ ಕುಳಿತ. ನಾನು ಎದ್ದು ಹೋಗುವವರೆಗೂ ಈ ಕಡೆ ತಿರುಗಿ ನೋಡಲಿಲ್ಲ.

ಶೆಡ್ಡು

ಟಾರ್ಪಾಲು ತೆಗೆದವನು ಸೆಲ್ವಂ. ಚಂದ್ರುವಿನ ಜೊತೆ ಆರು ವರ್ಷ ಕೆಲಸ ಮಾಡಿದ ತಮಿಳು ಮೆಕ್ಯಾನಿಕ್. ಕೊಡಗಿನ ತೋಟಗಳ ಕೂಲಿಯವರ ಜೊತೆ ಓಡಾಡಿ ನನಗೆ ತಮಿಳು ಅಷ್ಟಿಷ್ಟು ಅರ್ಥವಾಗುತ್ತದೆ. ನಿಮ್ಮ ಮಗನಿಗೆ ಸ್ಪ್ಯಾನರ್ ವಾಪಸು ಕೊಡುವ ಅಭ್ಯಾಸವೇ ಇರಲಿಲ್ಲ, ಹತ್ತೊಂಬತ್ತನೇ ನಂಬರಿನದನ್ನು ಈಗಲೂ ಹುಡುಕುತ್ತಿದ್ದೇನೆ ಎಂದ.

ಕಾರು ಜಪಾನಿನದು, ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಹಾಗೆ ತಗ್ಗು. ಒಳಗೆ ಒಂದೇ ಸೀಟು, ಶಾರದ ಹೊಲಿದದ್ದು. ಉಳಿದ ಜಾಗದಲ್ಲೆಲ್ಲ ಕಬ್ಬಿಣದ ಪೈಪು, ಪಂಜರದ ಹಾಗೆ. ಕಾರು ಉರುಳಿದರೆ ಆ ಪಂಜರ ತಲೆ ಕಾಯುತ್ತದಂತೆ. ಸವಿತಾ ಅದರೊಳಗೆ ತೂರಿಕೊಂಡು, ತಲೆಗೆ ಹೆಲ್ಮೆಟ್ ಹಾಕಿ, ಐದು ಪಟ್ಟಿ ಬಿಗಿದುಕೊಂಡು ತೋರಿಸಿದಳು. ನನಗೆ ಕಂಡದ್ದು ಪಂಜರ ಮಾತ್ರ. ಕಾರಿನ ಮುಂದೆ, ಬಂಪರಿನ ಎಡಕ್ಕೆ ಒಂದು ಗೂಡು ಕೊರೆದಿತ್ತು. ಅಂಚು ಉಜ್ಜಿ ನುಣುಪು ಮಾಡಿತ್ತು. ಅಪ್ಪ ಕೈಯಲ್ಲೇ ಕೊರೆದದ್ದು ಎಂದಳು ಸವಿತಾ. ನಮ್ಮ ಮನೆಯ ದೀಪದ ಗೂಡಿನಷ್ಟೇ ಅಳತೆ. ಅದನ್ನು ಏಕೆ ಕೊರೆದ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಆ ದಿನವೇ ಮುಡಿಪು ಕಟ್ಟಲು ತೀರ್ಮಾನಿಸಿದೆ. ನಮ್ಮಲ್ಲಿ ದೊಡ್ಡ ಹರಕೆ ಹೊತ್ತರೆ ಜುಟ್ಟಿನ ಕಾಯಿ, ವಿಭೂತಿ, ಕಾಣಿಕೆ ಸೇರಿಸಿ ಅರಿಶಿನದ ಬಟ್ಟೆಯಲ್ಲಿ ಬಿಗಿದು ಗೂಡಿನಲ್ಲಿ ಇಡುತ್ತೇವೆ. ಕೆಲಸ ಕೈಗೂಡುವವರೆಗೆ ಯಾರಿಗೂ ಹೇಳುವಂತಿಲ್ಲ, ಬಿಚ್ಚುವಂತಿಲ್ಲ. ಬಟ್ಟೆ, ವಿಭೂತಿ ಊರಿನಿಂದ ತಂದಿದ್ದೆ. ತೆಂಗಿನಕಾಯಿ ಆ ದೇಶದಲ್ಲಿ ರಾಶಿ ರಾಶಿ ಸಿಗುತ್ತದೆ, ಆದರೆ ಎಲ್ಲ ಬೋಳು, ಜುಟ್ಟು ಕಿತ್ತೇ ಮಾರುತ್ತಾರೆ. ಬೋಳು ಕಾಯಿ ದೇವರಿಗೆ ಆಗುವುದಿಲ್ಲ. ಎರಡು ಬಜಾರು ಸುತ್ತಿ, ಕೊನೆಗೆ ತಮಿಳರ ಮಾರಿಯಮ್ಮನ ಗುಡಿಯ ಮುಂದೆ ಒಂದು ಜುಟ್ಟಿನ ಕಾಯಿ ಸಿಕ್ಕಿತು. ಅದಕ್ಕೆ ಪಟ್ಟ ಖುಷಿ ನೆನೆದರೆ ಈಗ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗ್ಗೆ, ಟ್ರ್ಯಾಕು

ರೇಸಿನ ರಸ್ತೆ ನೇರವಾಗಿಲ್ಲ. ಹಗ್ಗ ಎಸೆದರೆ ಬೀಳುವ ಹಾಗೆ ಎಡಕ್ಕೆ, ಬಲಕ್ಕೆ, ಏರು, ಇಳಿಜಾರು. ಎಲ್ಲಿಗೂ ಹೋಗದ ರಸ್ತೆ, ಹೊರಟಲ್ಲಿಗೇ ಬರುತ್ತದೆ. ಓಡಿಸಲು ಬಂದವರು ಇದನ್ನೇ ಕಸುಬು ಮಾಡಿಕೊಂಡವರಲ್ಲ. ಬ್ಯಾಂಕಿನ ಗುಮಾಸ್ತ, ಕನ್ನಡಕದ ಅಂಗಡಿಯವನು, ಶಾಲೆಯ ಮೇಷ್ಟ್ರು. ವಾರವೆಲ್ಲ ಕೆಲಸ ಮಾಡಿ, ಸಂಜೆ ಕಾರು ತಿದ್ದಿ, ಭಾನುವಾರ ಓಡಿಸುತ್ತಾರೆ. ಹತ್ತೊಂಬತ್ತು ಕಾರು ಇದ್ದವು. ಸವಿತಾಳನ್ನು ಬಿಟ್ಟರೆ ಎಲ್ಲ ಗಂಡಸರು. ಓಟ ಶುರುವಾಗುವವರೆಗೂ ಒಬ್ಬರಿಗೊಬ್ಬರು ಟೈರು, ಜಾಕು ಎರವಲು ಕೊಡುತ್ತಿದ್ದರು. ನಮ್ಮಲ್ಲಿ ಎತ್ತಿನಗಾಡಿ ಓಟದ ದಿನ ಪಕ್ಕದವನಿಗೆ ಒಂದು ಬೊಗಸೆ ಹುರುಳಿಯನ್ನೂ ಯಾರೂ ಕೊಡುವುದಿಲ್ಲ.

ಬೆಳಗ್ಗೆ ಅಭ್ಯಾಸದ ಓಟ. ಅದರಲ್ಲಿ ತೆಗೆದುಕೊಂಡ ವೇಳೆ ನೋಡಿ ಮಧ್ಯಾಹ್ನ ಯಾರು ಮುಂದೆ, ಯಾರು ಹಿಂದೆ ಎಂದು ನಿಲ್ಲಿಸುತ್ತಾರೆ. ತಪಾಸಣೆಯವರು ಬಂದು ಕಾರನ್ನೆಲ್ಲ ನೋಡಿ ಚೀಟಿ ಅಂಟಿಸಿ ಹೋದರು. ಸೆಲ್ವಂ ನೀರು ಕುಡಿಯಲು ಹೋದ. ಆಗ ನಾನು ಬಗ್ಗಿ ಮುಡಿಪನ್ನು ಗೂಡಿನೊಳಗೆ, ಬೀಳದ ಹಾಗೆ, ಒಳಕ್ಕೆ ಒತ್ತಿ ಇಟ್ಟೆ. ಬೆಟ್ಟದ ಕಡೆ ಯಾವುದು ಎಂದು ತಿಳಿಯದೆ, ಸೂರ್ಯನ ಕಡೆ ಕೈ ಮುಗಿದೆ.

ಸವಿತಾ ಹೊರಟಳು. ಸದ್ದು ಎದೆಯೊಳಗೆ ಹೊಕ್ಕಿತು. ಒಂದು ಸುತ್ತು ಬಂದಳು, ಎರಡು ಬಂದಳು. ಮೂರನೆಯದರಲ್ಲಿ ಅವಳ ವೇಳೆ ನೋಡಿ ಸೆಲ್ವಂ ಶಿಳ್ಳೆ ಹಾಕಿದ. ಐದನೆಯದಕ್ಕೆ ಅವಳು ನೇರ ಬರದೆ ನಮ್ಮ ಕಡೆಗೆ ತಿರುಗಿದಳು. ಬಾನೆಟ್ಟಿನ ಸಂದಿಯಿಂದ ನೀಲಿ ಹೊಗೆ. ಸುಟ್ಟ ಎಣ್ಣೆಯ ವಾಸನೆ. ಇಳಿದವಳ ಮುಖ ಬೆಳ್ಳಗಿತ್ತು. ಬಿಸಿ ತೋರಿಸುವ ಮುಳ್ಳು ಕೆಂಪು ದಾಟಿತು, ಇನ್ನೊಂದು ಸುತ್ತು ಹೋಗಿದ್ದರೆ ಎಂಜಿನ್ ಒಳಗೇ ಕಚ್ಚಿಕೊಂಡು ನಿಲ್ಲುತ್ತಿತ್ತು ಎಂದಳು.

ತೌಕೆ ಕೈಕಟ್ಟಿ ನೋಡಿದ. ಅವನು ಕೆಟ್ಟವನಲ್ಲ. ಚಂದ್ರು ಇದ್ದ ಆಸ್ಪತ್ರೆಯಲ್ಲಿ ಒಂಬತ್ತು ದಿನವೂ ಕುಳಿತಿದ್ದವನು. ಮೆಲ್ಲಗೆ ಏನೋ ಹೇಳಿದ. ಏನಂದ ಎಂದು ಕೇಳಿದೆ. ಸೆಲ್ವಂ ನೆಲ ನೋಡುತ್ತ ಹೇಳಿದ. ಚಂದ್ರು ಒಳ್ಳೆಯ ಮನುಷ್ಯ, ಆದರೆ ಅವನ ಕೈ ಕೆಲಸ ನಿಲ್ಲುವಂಥದ್ದಲ್ಲ ಎಂದು ನಾನು ಆಗಲೇ ಹೇಳಿದ್ದೆ, ಇನ್ನು ಸಾಕು, ಬಿಚ್ಚಿ.

ಈ ಮಾತನ್ನು ನಾನು ಮೊದಲೇ ಕೇಳಿದ್ದೆ. ಆಡಿದವನು ನಾನೇ.

ಚಂದ್ರುವಿಗೆ ಆಗ ಹದಿನೇಳು. ಬ್ಯಾರನ್ ನೋಡಿಕೋ ಎಂದು ಕೂರಿಸಿ ಸಂತೆಗೆ ಹೋಗಿದ್ದೆ. ಬ್ಯಾರನ್ನಿಗೆ ಕೆಳಗೆ ಗಾಳಿಕಿಂಡಿ, ಮೇಲೆ ಗಾಳಿಕಿಂಡಿ ಇರುತ್ತವೆ. ಸೊಪ್ಪು ಹಳದಿಗೆ ತಿರುಗಿದ ಹೊತ್ತಿಗೆ ಎರಡನ್ನೂ ತೆರೆಯಬೇಕು. ಕೆಳಗಿನಿಂದ ತಣ್ಣನೆಯ ಗಾಳಿ ಹೊಕ್ಕು, ಬಿಸಿ ಮೇಲಿನಿಂದ ಹೋಗಬೇಕು. ತೆರೆಯದಿದ್ದರೆ ಸೊಪ್ಪು ಬೆವರಿ ಕಪ್ಪಾಗುತ್ತದೆ. ನಾನು ಬಂದಾಗ ಅವನು ದಾರಿಹೋಕನೊಬ್ಬನ ಮೊಪೆಡ್ ಬಿಚ್ಚಿಕೊಂಡು ಕುಳಿತಿದ್ದ. ಕಿಂಡಿ ಮುಚ್ಚಿಯೇ ಇತ್ತು. ಇಡೀ ಬ್ಯಾರನ್ ಕಪ್ಪು. ಸೊಪ್ಪು ಕಟ್ಟಲು ಬಂದ ಹೆಂಗಸರೆಲ್ಲರ ಮುಂದೆ ಅಂದೆ, ನೀನು ಕೈ ಆಕಿದ್ದು ಯಾವುದೂ ನಿಲ್ಲಾಕಿಲ್ಲ ಕಣ್ಲಾ, ಊಟಕ್ಕೂ ದಂಡ ನೀನು. ಅವನು ಎಣ್ಣೆಯ ಕೈ ಚಡ್ಡಿಗೆ ಒರೆಸಿಕೊಂಡು ಎದ್ದು ಹೋದ. ಆಮೇಲೆ ನನ್ನ ಬ್ಯಾರನ್ನಿಗೆ ಕಾಲಿಡಲಿಲ್ಲ.

ಸೆಲ್ವಂ ಬಾನೆಟ್ಟು ಎತ್ತಿದ. ಅದರ ಬೆನ್ನಿನಲ್ಲಿ ಚಂದ್ರು ಸಾಲಾಗಿ ಸೀಳು ಬಿಟ್ಟಿದ್ದ. ಬಿಸಿ ಅದರಿಂದ ಮೇಲಕ್ಕೆ ಹೋಗುತ್ತಿತ್ತು. ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ಕೆಳಗಿನ ಗೂಡಿನ ಹಿಂದೆ ಒಂದು ಸಣ್ಣ ಜಾಲರಿ. ಎಂಜಿನ್ನಿನ ಕಾದ ಎಣ್ಣೆ ಹರಿದು ತಣ್ಣಗಾಗುವ ಜಾಲರಿ.

ಅದು ಬ್ಯಾರನ್. ನನ್ನ ಮಗ ಕಾರಿನೊಳಗೆ ನಮ್ಮ ಬ್ಯಾರನ್ ಕಟ್ಟಿದ್ದ. ಕೆಳಗಿನ ಕಿಂಡಿ, ಮೇಲಿನ ಕಿಂಡಿ, ಎರಡನ್ನೂ ತೆರೆದೇ ಇಟ್ಟಿದ್ದ. ಐವತ್ತು ವರ್ಷ ಗಾಳಿಕಿಂಡಿ ಕಾದ ನಾನು ಬಂದು ಅದನ್ನು ಮುಚ್ಚಿದ್ದೆ.

ಬಾಯಿ ಬಿಟ್ಟರೆ ಹರಕೆ ಕೆಡುತ್ತದೆ. ಬಿಡದಿದ್ದರೆ ಆ ಎಂಜಿನ್ ಇನ್ನು ಸ್ವಲ್ಪ ಹೊತ್ತಿನಲ್ಲಿ ನೆಲದ ಮೇಲೆ ಇರುತ್ತದೆ, ಚಂದ್ರುವಿನ ಕೆಲಸ ಕೆಟ್ಟದ್ದು ಎಂದೇ ಉಳಿಯುತ್ತದೆ. ಮಂಡಿಯೂರಿ ಗೂಡಿಗೆ ಕೈ ಹಾಕಿದೆ. ಬಟ್ಟೆ ಕಾದು ಅಂಟಿತ್ತು. ಬೆರಳು ಚುರ್ರೆಂದಿತು. ಎಳೆದು ತೆಗೆದು ಎಲ್ಲರ ಮುಂದೆ ಹಿಡಿದೆ.

"ಇದು ನನ್ನ ಕೆಲ್ಸ. ನನ್ನ ಮಗಂದಲ್ಲ. ಅವ್ನು ಸರಿಯಾಗೇ ಮಾಡವ್ನೆ ಅಂತ ಅವ್ರಿಗೆ ಯೋಳವ್ವ, ಸವಿತಾ."

ಸವಿತಾ ಹೇಳಿದಳು. ಸೆಲ್ವಂ ಕಾಯಿ ಹಿಡಿದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ತಿರುವಿನಲ್ಲಿ ಇದು ಜಾರಿ ಚಕ್ರದ ಕೆಳಗೆ ಬಿದ್ದಿದ್ದರೆ? ಎಂದ. ನಾನು ಮೊಮ್ಮಗಳನ್ನು ನೋಡಿದೆ. ಅವಳು ಅಲ್ಲಿ ನಿಂತಿದ್ದಳು, ಇಡಿಯಾಗಿ.

ಅಲ್ಲಿಯವರೆಗೆ ಹಿಂದೆ ನಿಂತಿದ್ದ ಶಾರದ ಹತ್ತಿರ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ನನಗೆ ಎದುರು ಮಾತಾಡಿದವಳಲ್ಲ.

"ಬದುಕಿದ್ದಾಗ ಅವರ ಕೆಲ್ಸ ಕೆಟ್ಟದ್ದು ಅಂದ್ರಿ ಮಾವಯ್ಯ. ಸತ್ತ ಮ್ಯಾಲೆ ನೀವೇ ಬಂದು ಕೆಡಿಸಿದ್ರಿ."

ಅಷ್ಟು ಹೇಳಿ ಹೋಗಿ ಟೈರುಗಳ ಹಿಂದೆ ಕುಳಿತಳು. ಸಮುದ್ರದ ಮುಂದೆ ಬಾರದ ಅಳು ಆಗ ಬಂತು. ಬ್ಯಾಂಕಿನ ಗುಮಾಸ್ತ ತನ್ನ ಕಾರಿನ ಕೆಲಸ ಬಿಟ್ಟು ನೋಡುತ್ತಿದ್ದ. ಅಳುವ ಮುದುಕನ ಕಡೆ ನೋಡಬಾರದು ಎಂದು ಅವನಿಗೂ ಗೊತ್ತು. ಬೇರೆ ಕಡೆ ನೋಡುತ್ತ ಬಂದು ಎರಡು ಡಬ್ಬ ಎಣ್ಣೆ ಇಟ್ಟು ಹೋದ.

ಮಧ್ಯಾಹ್ನ

ಸುಟ್ಟ ಎಣ್ಣೆಯನ್ನು ಬಸಿದು ಹೊಸದು ಹಾಕಿದರು. ಸೆಲ್ವಂ ಬಸಿದ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ಉಜ್ಜಿ ನೋಡಿದ, ಒಳಗೆ ಕಬ್ಬಿಣ ತಿಂದಿದ್ದರೆ ಎಣ್ಣೆಯಲ್ಲಿ ಮಿನುಗು ಕಾಣುತ್ತದಂತೆ. ಇದೆ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಓಡಿಸಿದರೆ ತಿಳಿಯುತ್ತದೆ ಎಂದ. ತೌಕೆ ಬಹಳ ಹೊತ್ತು ಆ ಗೂಡಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಕಡೆಗೆ ತಲೆಯಾಡಿಸಿದ. ಬೆಳಗಿನ ಅಭ್ಯಾಸ ಪೂರ್ತಿ ಮಾಡದ್ದರಿಂದ ಸವಿತಾ ಎಲ್ಲರಿಗಿಂತ ಹಿಂದೆ ನಿಲ್ಲಬೇಕಾಯಿತು. ಹಲ್ಲಿನ ಡಾಕ್ಟರು ಬಿಳಿ ಟೋಪಿ ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

ಹೊರಡುವ ಮೊದಲು ಸವಿತಾ ನನ್ನನ್ನು ಕರೆದಳು. ಹೆಲ್ಮೆಟ್ಟಿನೊಳಗೆ ಕಣ್ಣು ಮಾತ್ರ ಕಾಣುತ್ತಿತ್ತು.

"ತಾತ, ಏನೂ ಇಟ್ಟಿಲ್ಲ ತಾನೇ?"

ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಕಣ್ಣು ನಕ್ಕವು.

ಹದಿನೈದು ಕಲ್ಲು ಆರಿಸಿ ಜುಬ್ಬದ ಬಲ ಜೇಬಿಗೆ ಹಾಕಿಕೊಂಡೆ. ಕಾರು ನಮ್ಮ ಮುಂದೆ ಹಾದಾಗಲೆಲ್ಲ ಒಂದನ್ನು ಎಡ ಜೇಬಿಗೆ. ಅದನ್ನು ಬಿಟ್ಟು ಬೇರೆ ಏನನ್ನೂ ನಾನು ಸರಿಯಾಗಿ ನೋಡಿಲ್ಲ. ಯಾರು ಯಾರನ್ನು ದಾಟಿದರು ಎಂದು ಕೇಳಿದರೆ ಗೊತ್ತಿಲ್ಲ. ಮೊದಲ ತಿರುವಿನಲ್ಲೇ ಎರಡು ಕಾರು ಉಜ್ಜಿಕೊಂಡು ಹುಲ್ಲಿಗೆ ಹೋದವು. ಐದು ಕಲ್ಲು ದಾಟಿತು. ಬೆಳಗ್ಗೆ ನಿಂತ ಜಾಗ ದಾಟಿತು ಎಂದುಕೊಂಡೆ. ಎಂಟನೆಯದರಲ್ಲಿ ಬ್ಯಾಂಕಿನ ಗುಮಾಸ್ತನ ಕಾರು ಚಕ್ರ ಕಳಚಿ ನಿಂತಿತು. ಅವನು ಇಳಿದು ಬಂದು ಸವಿತಾ ಹಾದಾಗಲೆಲ್ಲ ನಮ್ಮ ಜೊತೆ ಕೈ ಬೀಸತೊಡಗಿದ.

ಶಾರದ ಟೈರುಗಳ ಹಿಂದೆ ಟ್ರ್ಯಾಕಿಗೆ ಬೆನ್ನು ಮಾಡಿ ಕುಳಿತೇ ಇದ್ದಳು. ನೋಡಲಿಲ್ಲ, ಕೇಳುತ್ತಿದ್ದಳು. ಅಷ್ಟು ಕಾರುಗಳ ನಡುವೆ ಆ ಒಂದು ಸದ್ದು ಬಂದಾಗ ಅವಳ ತಲೆ ಸ್ವಲ್ಪ ಏಳುತ್ತಿತ್ತು, ಹೋದಾಗ ಇಳಿಯುತ್ತಿತ್ತು. ನಾಲ್ಕು ವರ್ಷ ಮನೆಯ ಕೆಳಗೆ ಸದ್ದಿಲ್ಲದೆ ಮಲಗಿದ್ದ ಎಂಜಿನ್. ಅದರ ದನಿ ಅವಳಿಗೆ ಮರೆತಿರಲಿಲ್ಲ.

ಹದಿಮೂರನೇ ಸುತ್ತಿಗೆ ಸವಿತಾ ಬರುವುದು ತಡವಾಯಿತು. ಮುಂದಿನ ಕಾರುಗಳು ಹಾದುಹೋದವು. ನೇರ ರಸ್ತೆ ಖಾಲಿ. ಸೆಲ್ವಂ ಕೈಯಲ್ಲಿದ್ದ ಗಡಿಯಾರ ನೋಡುವುದನ್ನು ನಿಲ್ಲಿಸಿದ. ಶಾರದ ಎದ್ದು ನಿಂತಳು. ನನ್ನ ಕೈಯಲ್ಲಿ ಕಲ್ಲು, ಯಾವ ಜೇಬಿಗೂ ಹೋಗದೆ. ಆಮೇಲೆ ಇಳಿಜಾರಿನ ಆ ಕಡೆಯಿಂದ ಸದ್ದು ಬಂತು. ಅವಳ ಮುಂದಿನ ಕಾರಿನವನು ತಿರುಗಿ ಅಡ್ಡ ನಿಂತದ್ದರಿಂದ ಅವಳು ಹುಲ್ಲಿನ ಮೇಲೆ ಇಳಿಸಿ, ಅವನನ್ನು ಬಳಸಿ ಬಂದಿದ್ದಳು. ಶಾರದ ಮತ್ತೆ ಕೂರಲಿಲ್ಲ. ನಿಧಾನಕ್ಕೆ ಈ ಕಡೆ ತಿರುಗಿದಳು. ಬಂದು ಬೇಲಿಯ ಹತ್ತಿರ ನಿಂತಳು, ನನ್ನಿಂದ ಎರಡು ಮಾರು ದೂರದಲ್ಲಿ.

ಹದಿನೈದನೇ ಕಲ್ಲಿಗೆ ಚೌಕುಳಿ ಬಾವುಟ ಬೀಸಿದರು. ಕಾರು ಅದರ ಕೆಳಗೆ ಹಾದುಹೋಯಿತು. ಕುಣಿಯುವ ವಯಸ್ಸಲ್ಲ, ಆದರೂ ಕುಣಿದೆ. ಸೆಲ್ವಂನನ್ನು ಹಿಡಿದುಕೊಂಡು ಕುಣಿದೆ, ಆ ಗುಮಾಸ್ತನನ್ನೂ ಹಿಡಿದುಕೊಂಡೆ. ನನ್ನ ಮಗನನ್ನು ಹಿಡಿದುಕೊಳ್ಳಬೇಕಾಗಿತ್ತು.

ಕಾರು ಬಂದು ನಿಂತ ಮೇಲೂ ಅದರ ಬೆನ್ನಿನ ಸೀಳುಗಳಿಂದ ಬಿಸಿ ನಡುಗುತ್ತ ಮೇಲೇರುತ್ತಿತ್ತು. ಹೊಗೆ ಇರಲಿಲ್ಲ. ತೌಕೆ ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಸುಡುತ್ತಿತ್ತು, ತೆಗೆಯಲಿಲ್ಲ. ಕಾರಿಗೇ ಏನೋ ಹೇಳಿದ. ಸವಿತಾ ಅತ್ತುಕೊಂಡು ನನಗೆ ಹೇಳಿದಳು, ತಾತ, ನಾನೇ ತಪ್ಪು ಅಂತವ್ರೆ ತೌಕೆ. ಹಲ್ಲಿನ ಡಾಕ್ಟರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಏನನ್ನೂ ಬದಲಿಸುವುದಿಲ್ಲ, ಆ ಗೂಡನ್ನೂ ಮುಟ್ಟುವುದಿಲ್ಲ ಎಂದು ಶಾರದಳಿಗೆ ಹೇಳಿದರಂತೆ. ಸಂಜೆಯೊಳಗೆ ಒಂದು ಲಾರಿ ಬಂತು. ಕಾರನ್ನು ಅದರ ಮೇಲೆ ಹತ್ತಿಸಿ, ಹಗ್ಗ ಬಿಗಿದು, ಒಯ್ದರು. ಹದಿನೈದು ಸುತ್ತು ಹೋಗಿ ಹೋಗಿ ಬಂದದ್ದು, ಈ ಸಲ ತಿರುವು ದಾಟಿ ಹೋದದ್ದು ಬರಲಿಲ್ಲ. ಶಾರದ ರಸ್ತೆಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ನಾನು ಅವಳ ಹಿಂದೆ ನಿಂತಿದ್ದೆ.

ಆ ಸಂಜೆ

ಶೆಡ್ಡಿನಲ್ಲಿ ಕಾರು ಇದ್ದ ಜಾಗ ಖಾಲಿಯಾಗಿತ್ತು. ಸವಿತಾ ಅಲ್ಲೇ ಚಾಪೆ ಹಾಸಿದಳು, ಮೇಲಿನ ಕೋಣೆಯಲ್ಲಿ ಎಲ್ಲರಿಗೂ ಜಾಗ ಸಾಲದು ಎಂದು. ತೌಕೆ, ಅವನ ಹೆಂಡತಿ, ಸೆಲ್ವಂ, ಅವನ ಇಬ್ಬರು ಮಕ್ಕಳು, ಎಲ್ಲ ಸಾಲಾಗಿ ಕುಳಿತರು. ಶಾರದ ಅನ್ನ, ಮೀನಿನ ಸಾರು ಮಾಡಿದ್ದಳು. ಬಡಿಸಿದ ಮೇಲೆ ನಮ್ಮಲ್ಲಿ ಸೊಸೆಯರು ಮಾಡುವ ಹಾಗೆ ಒಳಗೆ ಹೋಗಲು ಹೊರಟಳು. ನಾನು ಪಕ್ಕಕ್ಕೆ ಸರಿದು ಚಾಪೆ ತಟ್ಟಿ, ಕುತ್ಕವ್ವ, ನೀನೂ ಉಣ್ಣು ಎಂದೆ. ಸ್ವಲ್ಪ ಹೊತ್ತು ಸೌಟು ಹಿಡಿದು ನಿಂತಿದ್ದಳು. ಆಮೇಲೆ ಕುಳಿತಳು, ನನ್ನ ಪಕ್ಕದಲ್ಲೇ.

ಸ್ಟೇರಿಂಗ್ ಹಿಡಿದು ಸವಿತಾಳ ಬಲಗೈ ಊದಿಕೊಂಡಿತ್ತು. ಅನ್ನ ಕಲಸಲು ಹೋಗಿ ಮುಖ ಕಿವುಚಿದಳು. ನಾನು ಅವಳ ತಟ್ಟೆ ಎಳೆದುಕೊಂಡು ಕಲಸಿ ತುತ್ತು ಕೊಡತೊಡಗಿದೆ. ಚಿಕ್ಕವಳಿದ್ದಾಗ ಕೊಡುತ್ತಿದ್ದ ಹಾಗೆ ಬಾಯಿ ತೆರೆದಳು. ತೌಕೆಯ ಹೆಂಡತಿ ನೋಡಿ ತನ್ನ ಗಂಡನಿಗೆ ಮೊಣಕೈಯಲ್ಲಿ ತಿವಿದಳು. ಎಲ್ಲರೂ ನಕ್ಕರು. ನಾನು ಕೊಡುತ್ತಲೇ ಇದ್ದೆ. ನನ್ನ ತಟ್ಟೆ ಹಾಗೆಯೇ ಇತ್ತು.

ಶಾರದ ಅದನ್ನು ನೋಡಿದಳು. ತನ್ನ ಕೈಯಿಂದಲೇ ನನ್ನ ಅನ್ನಕ್ಕೆ ಸಾರು ಹಾಕಿ ಕಲಸಿ, ಮುಳ್ಳು ಬಿಡಿಸಿ, ತಟ್ಟೆಯನ್ನು ನನ್ನ ಮುಂದೆ ಇಟ್ಟಳು.

"ಉಣ್ಣಿ ಮಾವಯ್ಯ. ಆರೋಯ್ತದೆ."

ಉಂಡೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನಾಲಿಗೆ ಉರಿಯುವಷ್ಟು. ತೌಕೆ ದಂಪತಿ ನೀರು ಕುಡಿಯುತ್ತಲೇ ಇದ್ದರು. ಅಮ್ಮ, ಸಾರು ಉಪ್ಪಾಗ್ಬುಟ್ಟದೆ ಎಂದಳು ಸವಿತಾ.

"ಸರಿಯಾಗೇ ಅದೆ ಕಣವ್ವ," ಎಂದೆ. ತಟ್ಟೆಯನ್ನು ಶಾರದಳ ಕಡೆ ಒಡ್ಡಿದೆ, ಇನ್ನೊಂದು ಸೌಟು ಹಾಕು ಎಂದು.